ಎಷ್ಟನೇ ಜ್ವರ?

ದೊಡ್ಡಮ್ಮನ ಮೂಗು ಅವಳಿಗಿಂತ ಒಂದು ಹೆಜ್ಜೆ ಮೊದಲೇ ಬಾಗಿಲು ದಾಟುತ್ತಿತ್ತು. ಉದ್ದನೆಯ, ತುದಿಯಲ್ಲಿ ಸ್ವಲ್ಪ ಬಾಗಿದ ಮೂಗು, ಅದರ ಮೇಲೊಂದು ಕೆಂಪು ಕಲ್ಲಿನ ಮೂಗುಬೊಟ್ಟು. ಚಿಕ್ಕವರಿದ್ದಾಗ ನಾವು ಅವಳ ಬೆನ್ನ ಹಿಂದೆ ನಗುತ್ತಿದ್ದೆವು. ಆದರೆ ನಮ್ಮ ಮನೆಯ ರೇಷ್ಮೆ ಬೆಳೆ ನಿಂತಿದ್ದದ್ದೇ ಆ ಮೂಗಿನ ಮೇಲೆ. ಬೆಳಗ್ಗೆ ಎದ್ದವಳೇ ಹುಳದ ಮನೆಗೆ ಹೋಗಿ, ಒಂದೊಂದೇ ಬಿದಿರಿನ ತಟ್ಟೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿಕೊಂಡು ಮೂಸುತ್ತಿದ್ದಳು. ಹತ್ತು ತಟ್ಟೆ ದಾಟಿ ಹನ್ನೊಂದನೆಯದರ ಹತ್ತಿರ ನಿಂತು, "ಇದನ್ನ ಎತ್ತಿ ಆಚೆ ಇಡು" ಅಂದರೆ ಮುಗಿಯಿತು, ಎದುರು ಮಾತಿಲ್ಲ. ನಮ್ಮ ಕಣ್ಣಿಗೆ ಆ ತಟ್ಟೆಯ ಹುಳುಗಳೂ ಉಳಿದವುಗಳಷ್ಟೇ ಬೆಳ್ಳಗೆ, ದುಂಡಗೆ ಕಾಣುತ್ತಿದ್ದವು. ಎರಡು ದಿನ ಬಿಟ್ಟು ನೋಡಿದರೆ ಸಪ್ಪೆ ರೋಗ ಹಿಡಿದು, ಮೆತ್ತಗಾಗಿ ಸತ್ತು ಬಿದ್ದಿರುತ್ತಿದ್ದವು.

ಅವಳು ನಮ್ಮ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡಾಗ ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ, ಮಕ್ಕಳೂ ಇರಲಿಲ್ಲ. ತವರಿನವರು ಕರೆದರೂ ಹೋಗದೆ, ತೂಬಗೆರೆ ಹೋಬಳಿಯ ನಮ್ಮ ಊರಿನಲ್ಲೇ ಉಳಿದು, ಹಿತ್ತಲಾಚೆಯ ಹಿಪ್ಪುನೇರಳೆ ತೋಟ ಮತ್ತು ಹುಳದ ಮನೆ ಎರಡನ್ನೂ ತನ್ನ ಕೈಗೆ ತೆಗೆದುಕೊಂಡಳು. ನಮ್ಮ ಅಮ್ಮನಿಗೆ ಹುಳ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಹಾಗಾಗಿ ಸೊಪ್ಪು ಹಾಕಲು ಜೊತೆಗೆ ಸಿಕ್ಕವಳು ನಾನು. ಶಾಲೆಗೆ ಹೋಗುವಾಗ ಪೌಡರ್ ಬಳಿದುಕೊಂಡು ಒಳಗೆ ಕಾಲಿಟ್ಟರೆ ಸಾಕು, "ಮೊದ್ಲು ಮುಖ ತೊಳ್ಕೊಂಡ್ ಬಾರೇ, ನನ್ ಮಕ್ಳಿಗೆ ವಾಕರಿಕೆ ಬರುತ್ತೆ" ಎಂದು ಆಚೆ ಅಟ್ಟುತ್ತಿದ್ದಳು. ಅವಳು ಮಕ್ಕಳು ಎನ್ನುತ್ತಿದ್ದದ್ದು ಹುಳುಗಳಿಗೆ.

ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. "ಹುಳ ಜ್ವರಕ್ಕೆ ಕೂತವೆ" ಅಂದರೆ ಸೊಪ್ಪು ಹಾಕಬಾರದು, "ಜ್ವರ ಎದ್ದವೆ" ಅಂದರೆ ಹಾಕಬೇಕು. ಆ ಒಂದು ದಿನ ದೊಡ್ಡಮ್ಮ ಮನೆಯಲ್ಲಿ ಯಾರನ್ನೂ ಜೋರಾಗಿ ಮಾತಾಡಲು ಬಿಡುತ್ತಿರಲಿಲ್ಲ. ದೇವನಹಳ್ಳಿಯ ಏರ್‌ಪೋರ್ಟ್ ಶುರುವಾಗಿ ಮೊದಲ ಸಲ ನಮ್ಮ ಊರ ಮೇಲೆ ವಿಮಾನ ತೀರಾ ಕೆಳಗೆ ಹಾರಿಹೋದಾಗ ಊರೆಲ್ಲ ಕತ್ತೆತ್ತಿ ಚಪ್ಪಾಳೆ ಹೊಡೆಯಿತು. ದೊಡ್ಡಮ್ಮ ಮಾತ್ರ ಪೊರಕೆ ಹಿಡಿದುಕೊಂಡೇ ಹೊರಗೆ ಬಂದು, "ಹುಳ ಜ್ವರದಲ್ಲವೆ ಕಣೋ, ಮೆತ್ತಗೆ ಹೋಗಕ್ಕೆ ಏನ್ ಬಂದಿರೋದು ನಿಂಗೆ!" ಎಂದು ವಿಮಾನಕ್ಕೇ ಬೈದಿದ್ದಳು.

ಅದೇ ವರ್ಷ ನಾನು ದೊಡ್ಡಬಳ್ಳಾಪುರದಲ್ಲಿ ಬಿ.ಎಸ್ಸಿ. ಮುಗಿಸಿದೆ. ಮುಂದೆ ಏನು ಓದಬೇಕೆಂಬುದು ನನ್ನ ಮನಸ್ಸಿನಲ್ಲಿ ಅದಕ್ಕೂ ಒಂದು ವರ್ಷ ಮೊದಲೇ ಹೊಕ್ಕಿತ್ತು. ಆಗ ಒಂದು ಬೆಳೆ ಪೂರ್ತಿ ಕೈಕೊಟ್ಟಿತ್ತು. ನಾಲ್ಕನೇ ಜ್ವರ ಎದ್ದು, ಇನ್ನು ಮೂರು ನಾಲ್ಕು ದಿನದಲ್ಲಿ ಗೂಡು ಕಟ್ಟಬೇಕಾದ ಹುಳುಗಳು ತಟ್ಟೆತಟ್ಟೆಯೇ ಸತ್ತವು. ಗುಂಡಿ ತೋಡಿ, ಸುಣ್ಣ ಹಾಕಿ, ಎಲ್ಲವನ್ನೂ ಮುಚ್ಚಿ ಬಂದ ದೊಡ್ಡಮ್ಮ ಜಗಲಿಯ ಮೇಲೆ ಕೂತು ನನ್ನನ್ನು ಕೇಳಿದಳು. "ಕಾಲೇಜಿಗೆ ಹೋಗ್ತೀಯಲ್ಲೇ, ಯಾಕೆ ಸತ್ವು ಹೇಳು. ನಂಗೆ ಸಾಯ್ತವೆ ಅಂತ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ." ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದೇನೋ ಹೇಳಿ ಒಳಗೆ ಎದ್ದುಹೋದೆ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಎಂ.ಎಸ್ಸಿ.ಗೆ ಎರಡು ಕಡೆ ಅರ್ಜಿ ಹಾಕಿದೆ. ಒಂದು, ಉತ್ತರದ ಕಡೆಯ ಬಹಳ ದೊಡ್ಡ ಹೆಸರಿನ ಯೂನಿವರ್ಸಿಟಿ. ವಿಷಯ ಬಯೋಟೆಕ್ನಾಲಜಿ. ಆ ಕಾಲದಲ್ಲಿ ಆ ಪದ ಅಂದರೆ ಎಲ್ಲರಿಗೂ ಮೈಮೇಲೆ ಬರುತ್ತಿತ್ತು. ಇನ್ನೊಂದು ನಮ್ಮ ರಾಜ್ಯದ್ದೇ ಒಂದು ಸಣ್ಣ ಯೂನಿವರ್ಸಿಟಿ. ಹೆಸರು ಹೇಳಿದರೆ, "ಅದೆಲ್ಲಮ್ಮ ಬರೋದು?" ಎಂದು ಬಸ್ ಕಂಡಕ್ಟರೂ ಕೇಳುತ್ತಿದ್ದ. ಅಲ್ಲಿ ರೇಷ್ಮೆಯದೇ ಒಂದು ವಿಭಾಗವಿತ್ತು, ಹುಳುಗಳ ರೋಗಕ್ಕೇ ಒಂದು ಲ್ಯಾಬ್ ಇತ್ತು.

ದೊಡ್ಡ ಹೆಸರಿನವರ ಸಂದರ್ಶನ ಬೆಂಗಳೂರಲ್ಲೇ ನಡೆಯಿತು. ಮೂವರು ಕೂತಿದ್ದರು, ಎಲ್ಲವೂ ಇಂಗ್ಲಿಷ್. ನಿನಗೆ ಯಾವುದರಲ್ಲಿ ಆಸಕ್ತಿ ಎಂದು ಕೇಳಿದರು. ರೇಷ್ಮೆಹುಳು ಎಂದೆ. ಅದರ ಬಗ್ಗೆ ಹೇಳು ಎಂದರು. ಪೊರೆ ಬಿಡುವುದಕ್ಕೆ ಪುಸ್ತಕದ ಪದ ನಾಲಿಗೆಗೆ ಬರಲೇ ಇಲ್ಲ. "ಸಿಲ್ಕ್‌ವರ್ಮ್ಸ್ ಗೆಟ್ ಫೀವರ್ ಫೋರ್ ಟೈಮ್ಸ್" ಎಂದುಬಿಟ್ಟೆ. ಮೂವರೂ ನಕ್ಕರು. ಒಬ್ಬರು, ಥರ್ಮಾಮೀಟರ್ ಎಲ್ಲಿ ಇಡುತ್ತೀರಿ ಎಂದು ಕೇಳಿದರು. ಕೆಟ್ಟ ಮನಸ್ಸಿನವರಲ್ಲ, ನೀರು ಕುಡಿಯಲು ಹೇಳಿ ಸಮಾಧಾನ ಮಾಡಿದರು. ನಿಮ್ಮಲ್ಲಿ ಹುಳುಗಳ ಬಗ್ಗೆ ಪಾಠ ಇದೆಯೇ ಎಂದು ನಾನೇ ಕೇಳಿದೆ. ಇಲ್ಲ, ಬೇಕಿದ್ದರೆ ಲೈಬ್ರರಿಯಲ್ಲಿ ಓದಿಕೊಳ್ಳಬಹುದು ಎಂದರು. ಅಂಕ ಚೆನ್ನಾಗಿದ್ದವು, ಸೀಟು ಸಿಕ್ಕಿತು.

ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏರ್‌ಪೋರ್ಟ್ ರಸ್ತೆಗೆ ಮಣ್ಣು ಹೊಡೆಯಲು ಟಿಪ್ಪರ್ ಬಿಟ್ಟಿದ್ದ, ತಾನೂ ಒಂದನ್ನು ಓಡಿಸುತ್ತಿದ್ದ ಅವನಿಗೆ ದೊಡ್ಡ ದೊಡ್ಡ ಬೋರ್ಡುಗಳ ಮೇಲೆ ಬಹಳ ಭಕ್ತಿ. ಡ್ರೈವರುಗಳಿಗೆಲ್ಲ ಮೈಸೂರು ಪಾಕ್ ಹಂಚಿದ. "ನನ್ ಮಗ್ಳು ಓದೋ ಜಾಗದ ಹೆಸ್ರು ಹೇಳಿದ್ರೆ ಜನ ಎದ್ದು ನಿಲ್ಬೇಕು" ಎಂದು ದಿನಕ್ಕೆ ನಾಲ್ಕು ಸಲ ಹೇಳಿದ. ನಾನು ಇನ್ನೊಂದು ಸಂದರ್ಶನದ ಮಾತೆತ್ತಿದಾಗ ಮುಖ ಸಿಂಡರಿಸಿದ. "ಹುಳ ಸಾಕೋದು ಮನೇಲೇ ಕಲ್ತಿದ್ದೀಯ. ಮನೇಲಿ ಕಲ್ತಿದ್ನೇ ಕಲಿಯೋಕೆ ಯಾರಾದ್ರೂ ಯೂನಿವರ್ಸಿಟಿಗೆ ಹೋಗ್ತಾರೇನಮ್ಮ?"

ದೊಡ್ಡಮ್ಮನಾದರೂ ನನ್ನ ಕಡೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳೂ ಅಪ್ಪನ ಕಡೆಯೇ. "ನಿಮ್ಮಪ್ಪ ಹೇಳೋದು ಸರಿ ಕಣೇ. ನನ್ನನ್ನ ಊರೋರೆಲ್ಲ ಹುಳದಮ್ಮ ಅಂತಾರೆ. ಮದ್ವೆ ಮನೇಲೂ ಹಂಗೇ ಕರೀತಾರೆ. ನಿನ್ನೂ ಹಂಗೇ ಕರೀಬೇಕಾ?" ಎಂದಳು. ಅವಳನ್ನು ಆ ಹೆಸರು ಇಷ್ಟು ನೋಯಿಸುತ್ತದೆ ಎಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಆದರೂ ಎರಡನೇ ಸಂದರ್ಶನಕ್ಕೆ ಜೊತೆಗೆ ಬಂದವಳು ಅವಳೇ. ಅಪ್ಪ ಬರುವುದಿಲ್ಲ ಎಂದಿದ್ದ. ಗೂಡು ಬಿಡಿಸಿ ಮಾರಿ ಆಗಿತ್ತು, ಹುಳದ ಮನೆ ಖಾಲಿ ಇತ್ತು. "ಹೆಣ್ಮಗು ಒಬ್ಳೇ ಎಲ್ ಹೋಗುತ್ತೆ" ಎಂದು ಎರಡು ಬಸ್ ಬದಲಾಯಿಸಿಕೊಂಡು ಬಂದು, ವಿಭಾಗದ ಹೊರಗೆ ಕಲ್ಲುಬೆಂಚಿನ ಮೇಲೆ ಬುತ್ತಿಗಂಟು ಇಟ್ಟುಕೊಂಡು ಕೂತಳು.

ಒಳಗೆ ಒಬ್ಬರೇ ಪ್ರೊಫೆಸರ್, ಜೇಬಿನಲ್ಲಿ ಭೂತಗನ್ನಡಿ. ಇಲ್ಲಿಗೆ ಯಾಕೆ ಬಂದಿರಿ ಎಂದು ಕನ್ನಡದಲ್ಲೇ ಕೇಳಿದರು. ಹಿಂದಿನ ವರ್ಷ ಬೆಳೆ ಹೋದದ್ದನ್ನು ಹೇಳತೊಡಗಿದೆ. "ಜ್ವರ ಎದ್ದ ಮೇಲೆ ಸರ್..." ಎಂದವಳು ನಾಲಿಗೆ ಕಚ್ಚಿಕೊಂಡೆ. ಮತ್ತೆ ಅದೇ ತಪ್ಪು. ನಗುತ್ತಾರೆ ಎಂದು ಕಾದೆ.

ಅವರು ನಗಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು, "ಎಷ್ಟನೇ ಜ್ವರ?" ಎಂದರು.

"ನಾಲ್ಕನೇದು ಸರ್. ಎದ್ದ ಮೂರನೇ ದಿನ."

"ಸೊಪ್ಪು ಒದ್ದೆ ಇತ್ತಾ?"

"ಮಳೆ ಹಿಡ್ಕೊಂಡಿತ್ತು ಸರ್. ಒರೆಸಿ ಒರೆಸಿ ಹಾಕಿದ್ವಿ."

ಅರ್ಧ ಗಂಟೆ ಹೀಗೇ ಹೋಯಿತು. ಸಂದರ್ಶನ ನಡೆಯುತ್ತಿದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಇಷ್ಟೆಲ್ಲ ಯಾರು ಹೇಳಿಕೊಟ್ಟರು ಎಂದು ಅವರು ಕೇಳಿದಾಗ, "ಆಚೆ ಕೂತಿದ್ದಾರೆ ಸರ್" ಎಂದೆ. ಅವರು ಎದ್ದು ಹೊರಗೆ ಬಂದು, ದೊಡ್ಡಮ್ಮನಿಗೆ ಕೈ ಮುಗಿದು, "ಬನ್ನಿ ಅಮ್ಮ, ನಮ್ಮ ಹುಳದ ಮನೆ ನೋಡಿ" ಎಂದು ಕರೆದೊಯ್ದರು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಸಾಲು ನಡೆದಳು, ಬಗ್ಗಿದಳು, ಮೂಸಿದಳು. ಐದನೇ ತಟ್ಟೆಯ ಹತ್ತಿರ ನಿಂತು, "ಇದು ಬೇಡ ಕಣಪ್ಪ, ಎತ್ತಿಡ್ಸು" ಎಂದಳು. ಪ್ರೊಫೆಸರರನ್ನು ಯಾರೂ ಹಾಗೆ ಏಕವಚನದಲ್ಲಿ ಕರೆದಿರಲಾರರು. ವಿದ್ಯಾರ್ಥಿಗಳು ಮುಖಮುಖ ನೋಡಿಕೊಂಡರು. ಅವರು ಮಾತ್ರ ತಟ್ಟೆಯನ್ನು ಬೇರೆ ಇಡಿಸಿ, ಚೀಟಿಯಲ್ಲಿ ದಿನಾಂಕ ಬರೆದು ಅಂಟಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಬುತ್ತಿಗಂಟು ಬಿಚ್ಚಿದಳು. ನೆಲಮಂಗಲ ದಾಟಿದ ಮೇಲೆ, "ಆ ದೊಡ್ಡ ಹೆಸ್ರಿನೋರ ಹತ್ರಾನೂ ಜ್ವರ ಅಂತಲೇ ಅಂದ್ಯೇನೇ? ಏನಂದ್ರು?" ಎಂದು ಕೇಳಿದಳು. ಹೇಳಿದೆ. "ಇವ್ರು?" ಅದನ್ನೂ ಹೇಳಿದೆ.

ವಾರದಲ್ಲಿ ಆ ಸಣ್ಣ ಯೂನಿವರ್ಸಿಟಿಯ ಪತ್ರ ಬಂತು. ಟೈಪ್ ಮಾಡಿದ ಪತ್ರದ ಕೆಳಗೆ ಎರಡು ಸಾಲು ಕೈಬರಹ: "ಅಮ್ಮನವರು ತೋರಿಸಿದ ತಟ್ಟೆಯ ಹುಳುಗಳು ಮೂರನೇ ದಿನ ಸತ್ತವು. ಅವರಿಗೆ ಅದು ಹೇಗೆ ಗೊತ್ತಾಯಿತೆಂದು ನೀವು ಕಂಡುಹಿಡಿಯಬೇಕು." ನಾನು ಓದಿ ಹೇಳಿದೆ. ದೊಡ್ಡಮ್ಮ ಮತ್ತೊಮ್ಮೆ ಓದಿಸಿದಳು. ಆಮೇಲೆ ನೇರವಾಗಿ ಅಪ್ಪನ ಹತ್ತಿರ ಹೋದಳು.

"ಇವ್ಳನ್ನ ಅಲ್ಲಿಗೇ ಕಳ್ಸು ಕಣಪ್ಪ."

"ಅತ್ಗೆ, ನೀವೇ ಬೇಡ ಅಂದಿದ್ರಿ! ಅದಕ್ಕೊಂದು ಹೆಸ್ರಿದೆಯಾ?"

"ಹೆಸ್ರು ಹೇಳಿದ್ರೆ ಜನ ಎದ್ದು ನಿಲ್ತಾರೆ, ಸರಿ. ನಿಂತೋರು ಆಮೇಲೆ ಕೂತ್ಕೊಂಡು ಅವ್ರವ್ರ ಕೆಲ್ಸ ನೋಡ್ಕೋತಾರೆ. ಎರಡು ವರ್ಷ ಅಲ್ಲಿ ಇರ್ಬೇಕಾಗಿರೋದು ಇವ್ಳು ತಾನೇ? ಇವ್ಳ ಮಾತು ಅರ್ಥ ಆಗೋ ಕಡೆ ಇರ್ಲಿ."

"ನಾಳೆ ಜನ ಹುಳದಮ್ಮ ಅಂದ್ರೆ?"

"ಅನ್ಲಿ ಬಿಡು. ಒಬ್ರು ಪ್ರೊಫೆಸರ್ ಎದ್ದು ಬಂದು ಕೈ ಮುಗ್ದಿದ್ದು ಹುಳದಮ್ಮಂಗೇ ಅಲ್ವಾ?"

ಅಪ್ಪ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟ. ಆದರೆ ತಡೆಯಲಿಲ್ಲ.

ನಾನು ಆ ಸಣ್ಣ ಜಾಗಕ್ಕೇ ಹೋದೆ. ಎಂ.ಎಸ್ಸಿ. ಆಯಿತು, ಅಲ್ಲಿಯೇ ಪಿಎಚ್.ಡಿ.ಯೂ ಆಯಿತು. ಸುಳ್ಳು ಯಾಕೆ ಹೇಳಲಿ, ಸಭೆಗಳಲ್ಲಿ ಎಲ್ಲಿ ಓದಿದ್ದು ಎಂದು ಯಾರಾದರೂ ಕೇಳಿ, ಉತ್ತರ ಕೇಳಿ ಮಾತು ಬದಲಾಯಿಸಿದಾಗ ಇವತ್ತಿಗೂ ಸ್ವಲ್ಪ ಬೇಜಾರಾಗುತ್ತದೆ. ಆದರೆ ಹುಳುವಿನ ಹೊಟ್ಟೆಯಲ್ಲಿ ರೋಗ ಶುರುವಾದಾಗ ಹಿಕ್ಕೆಯ ವಾಸನೆ ಹೇಗೆ ಬದಲಾಗುತ್ತದೆ ಎಂಬುದರ ಮೇಲೆಯೇ ನಾನು ವರ್ಷಗಟ್ಟಲೆ ಕೆಲಸ ಮಾಡಿದೆ. ಯಾಕೆ ಸತ್ವು ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಕೊನೆಗೂ ಜಗಲಿಯ ಮೇಲೆ ಕೂತು ಉತ್ತರ ಹೇಳಿದೆ: ಒದ್ದೆ ಸೊಪ್ಪಿನ ಜೊತೆ ಹೊಟ್ಟೆಗೆ ಹೋದ ಸೂಕ್ಷ್ಮಾಣುಗಳು ಕರುಳನ್ನು ಕೊಳೆಸುತ್ತವೆ, ಆ ವಾಸನೆ ಮೊದಲು ಹಿಕ್ಕೆಗೆ ಬರುತ್ತದೆ. ಪೂರ್ತಿ ಕೇಳಿಸಿಕೊಂಡು, "ಇಷ್ಟೇನಾ? ನನ್ ಮೂಗು ಇದನ್ನ ಆವಾಗ್ಲೇ ಹೇಳಿತ್ತು" ಎಂದು ನಕ್ಕಳು. ಮಾರನೇ ದಿನದಿಂದ ಸಿಕ್ಕಸಿಕ್ಕವರ ಮುಂದೆ ನಾನು "ನಮ್ ಹುಳದ ಡಾಕ್ಟ್ರು".

ಅವಳು ಹೋದದ್ದು ಒಂದು ಬೆಳಗ್ಗೆ, ಕಾಫಿ ಲೋಟ ಕೈಯಲ್ಲಿದ್ದಾಗಲೇ. ನಾನು ಎರಡು ದಿನದ ರಜೆ ಹಾಕಿ ಊರಿಗೆ ಬಂದಿದ್ದೆ. ಹುಳುಗಳು ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು, ಅತಿ ಹೆಚ್ಚು ಮೇಯುವ ಹೊತ್ತು. ಅಂಗಳದಲ್ಲಿ ಅವಳನ್ನು ಮಲಗಿಸಿದ್ದರು, ನೆಂಟರು ಒಬ್ಬೊಬ್ಬರಾಗಿ ಬರುತ್ತಿದ್ದರು. ನನಗೆ ಅಳು ನಿಂತಿರಲಿಲ್ಲ. ಆದರೂ ಎದ್ದು ಸೊಪ್ಪಿನ ಕುಕ್ಕೆ ಎತ್ತಿಕೊಂಡೆ. ಹೆಂಗಸರಲ್ಲೊಬ್ಬರು, "ಸೂತಕದ ಮನೇಲಿ ಇದೇನಮ್ಮ, ಇಷ್ಟು ಓದ್ಕೊಂಡು?" ಎಂದರು. ನಾನು ಹುಳದ ಮನೆಯೊಳಗೆ ಹೋದೆ.

ಎರಡನೇ ತಟ್ಟೆಗೆ ಸೊಪ್ಪು ಹಾಕುತ್ತಿದ್ದಾಗ ಬಾಗಿಲಲ್ಲಿ ಅಪ್ಪ ಕಾಣಿಸಿದ. ಹೆಗಲ ಮೇಲೆ ಇನ್ನೊಂದು ಕುಕ್ಕೆ. ಅವನು ಹುಳದ ಮನೆಯೊಳಗೆ ಬಂದದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ.

"ಎಷ್ಟು ಹಾಕ್ಬೇಕು ಹೇಳಮ್ಮ. ನಂಗೆ ಗೊತ್ತಿಲ್ಲ" ಎಂದ.

ಹೇಳಿದೆ. ಟಿಪ್ಪರ್ ಓಡಿಸಿ ಒರಟಾದ ಕೈಯಲ್ಲಿ, ಹುಳುವಿಗೆ ನೋವಾಗದಂತೆ, ನಾನು ಹೇಳಿದಷ್ಟೇ ಹರಡಿದ. ಸರಿ ಇದೆಯಾ ಎಂದು ಪ್ರತಿ ತಟ್ಟೆಗೂ ನನ್ನ ಮುಖ ನೋಡಿದ. ಹೊರಗಿನಿಂದ ಯಾರೋ, ಹೊತ್ತಾಯ್ತು, ಎಲ್ಲರೂ ಕಾಯ್ತಿದ್ದಾರೆ ಎಂದು ಕೂಗಿದರು.

"ಕಾಯ್ಲಿ. ಇನ್ನೂ ಆರು ತಟ್ಟೆ ಇದೆ" ಎಂದು ಅಪ್ಪನೇ ಕೂಗಿ ಹೇಳಿದ.