ಮಾವನವರ ಧಾಟಿ

ಹಳೆಯ ಹಿಂದಿ ಹಾಡು ಹಿಡಿದು, ಅದಕ್ಕೆ ಧಡ್ ಧಡ್ ಅಂತ ಬಡಿತ ಸೇರಿಸಿ ರಿಮಿಕ್ಸ್ ಅಂತ ಊರಿಗೆಲ್ಲ ಹಂಚುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಿನ್ನೆಯ ಪಲ್ಯಕ್ಕೆ ಇವತ್ತು ಒಗ್ಗರಣೆ ಕೊಟ್ಟು ಬಡಿಸಿದರೆ ಉಣ್ಣುವವರ ನಾಲಿಗೆಗೆ ಗೊತ್ತಾಗುವುದಿಲ್ಲವೇ? ಹೀಗಂತ ಮನೆಯಲ್ಲಿ, ನಾನು ಕಲಿಸುವ ಶಾಲೆಯಲ್ಲಿ, ದಿನಾ ಅರಭಾವಿಗೆ ಹೋಗಿಬರುವ ಬಸ್ಸಿನಲ್ಲಿ, ಕೇಳಿದವರಿಗೆ ಕೇಳದವರಿಗೆ ಭಾಷಣ ಬಿಗಿದವಳು ನಾನು. ಅಂಥವಳು ಒಂದು ರಿಮಿಕ್ಸಿಗೆ ಮನಸ್ಸಿನಲ್ಲೇ ಕೈಮುಗಿಯಬೇಕಾಯಿತು. ಅದು ಹೇಗಾಯಿತೆಂದು ಹೇಳುತ್ತೇನೆ.

ನನ್ನ ತವರು ಹುಕ್ಕೇರಿ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ತೆಗೆಯುವಾಗ ಅವನಿಗೆ ರೇಡಿಯೊ ಬೇಕು, ರೇಡಿಯೊದಲ್ಲಿ ಹಳೆಯ ಹಿಂದಿ ಹಾಡೇ ಬೇಕು. ಗಿರಾಕಿಯ ಜೊತೆ ನಾಲ್ಕು ಮಾತು ಹಿಂದಿ ಆಡಲು ಬಾರದ ಅಪ್ಪ, ಹಾಡುಗಳನ್ನು ಮಾತ್ರ ಒಂದಕ್ಷರ ಬಿಡದೆ ಹೇಳುತ್ತಿದ್ದ. ಅವುಗಳಲ್ಲಿ ಒಂದೆಂದರೆ ಅವನಿಗೆ ಪಂಚಪ್ರಾಣ. ಬಿಟ್ಟುಹೋದವನನ್ನು ನೆನೆದು ಹೆಣ್ಣೊಬ್ಬಳು ಹೊಸ್ತಿಲ ಮೇಲೆ ಕೂತು ಹಾಡುವ ಹಾಡು. ಅಷ್ಟೇನೂ ಹೆಸರಾದದ್ದಲ್ಲ, ರೇಡಿಯೊದಲ್ಲಿ ಅಪರೂಪಕ್ಕೆ ಬರುತ್ತಿತ್ತು. ಬಂದಾಗ ಅಪ್ಪ ಕೈಯಲ್ಲಿನ ಟ್ಯೂಬ್ ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದ. ಕೇಳಿ ಕೇಳಿ ನನಗೂ ಅದು ಬಾಯಿಪಾಠವಾಗಿತ್ತು.

ಮದುವೆಯಾಗಿ ಮೂಡಲಗಿಗೆ ಬಂದೆ. ಊರ ಹೊರಗೆ, ರಸ್ತೆ ಪಕ್ಕದ ತೋಟದ ಮನೆ. ಮೊದಲ ದಿನ ಬೆಳಗಿನ ಜಾವ ಎಚ್ಚರಾದಾಗ ಯಾವ ಕಡೆ ಬಾಗಿಲು, ಯಾವ ಕಡೆ ಗೋಡೆ ಅಂತ ತಿಳಿಯದೆ ಅಳು ಬಂದಿತ್ತು. ಆಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು, ಅದರ ಜೊತೆ ಒಂದು ಹಾಡು ಕೇಳಿಸಿತು:

ಒಲಿ ಹಚ್ಚ ತಂಗಿ, ಒಡೆಯಾ ಬರತಾನ,
ಹಸಿದು ಬರತಾನ ದೂರದಿಂದ.

ಮಾತು ಮಠದ ಭಜನೆಯದು. ಆದರೆ ಧಾಟಿ? ಅದು ನನ್ನಪ್ಪನ ಅಂಗಡಿಯದು! ಅದೇ ಏರು, ಅದೇ ಇಳಿವು, ಕೊನೆಗೆ ಅದೇ ಒಂದು ಎಳೆತ. ಹಾಡುತ್ತಿದ್ದವರು ನನ್ನ ಅತ್ತೆ. ಗೊತ್ತಿಲ್ಲದ ಮನೆಯಲ್ಲಿ ಗೊತ್ತಿದ್ದದ್ದೊಂದು ಸಿಕ್ಕಿತಲ್ಲ, ಕಣ್ಣೊರೆಸಿಕೊಂಡು ಎದ್ದುಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ. ಈ ಪದ ಯಾರದು ಅಂತ ಕೇಳಿದೆ.

"ನಿಮ್ಮ ಮಾವಂದು," ಅಂದರು ಅತ್ತೆ. "ಮಾತೂ ಅವರದ, ಧಾಟೀನೂ ಅವರದ. ನನ್ನ ಸಲುವಾಗಿ ಕಟ್ಟಿದ್ರು."

ನಗು ಬಂತು, ನುಂಗಿಕೊಂಡೆ. ನಿನ್ನೆ ಅಕ್ಕಿಯ ಸೇರು ಒದ್ದು ಒಳಗೆ ಬಂದ ಸೊಸೆ, ಇವತ್ತು ಮಾವನವರ ಗುಟ್ಟು ಒಡೆಯುವುದೇ? ಅದೂ ಅಲ್ಲದೆ ನಮ್ಮ ಕಡೆ ಭಜನೆಯವರಲ್ಲಿ ಧಾಟಿ ಎಲ್ಲಿಂದ ಬಂತೆಂದು ಕೇಳುವ ರೂಢಿಯೇ ಇಲ್ಲ. ನಾಟಕದ ಹಾಡಿಗೆ, ಸಿನಿಮಾದ ಹಾಡಿಗೆ ದೇವರ ಮಾತು ಹಚ್ಚಿ ಹಾಡುತ್ತಾರೆ. ಹಾಡುತ್ತ ಹಾಡುತ್ತ ಅದು ಮಠದ್ದೇ ಆಗಿಬಿಡುತ್ತದೆ. ಮಾವನವರೂ ಅಷ್ಟೇ ಮಾಡಿದ್ದರು.

ಮಾವನವರನ್ನು ನಾನು ನೋಡಿದವಳಲ್ಲ. ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅಲ್ಲೇ ನಾಲ್ಕು ಮಂದಿ ಸೇರಿ ಬಾಡಿಗೆಗೆ ಒಂದು ಕೋಲಿ ಹಿಡಿದು ಇರುತ್ತಿದ್ದರಂತೆ, ರಜೆಯ ದಿನ ಮೂಡಲಗಿಗೆ ಬಂದು ಮಠದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದರಂತೆ. ನನ್ನ ಗಂಡ ಇನ್ನೂ ಕನ್ನಡ ಸಾಲಿಗೆ ಹೋಗುತ್ತಿದ್ದಾಗಲೇ ತೀರಿಕೊಂಡರು. ಆಮೇಲೆ ಪೇಟಿ ಮಠಕ್ಕೆ ಹೋಯಿತು. ಉಳಿದದ್ದು ಮಿಲ್ಲಿನ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಒಂದು ಮಸುಕು ಫೋಟೊ, ಅದರಲ್ಲಿ ಮೂಗು ಯಾವುದು ಮೀಸೆ ಯಾವುದು ತಿಳಿಯುವುದಿಲ್ಲ. ಮತ್ತೆ ಈ ಹಾಡು. ಅತ್ತೆಗೆ ಗಂಡ ಅಂದರೆ ಈ ಹಾಡೇ ಆಗಿತ್ತು. ಬೆಳಗಿನ ರೊಟ್ಟಿಗೆ ಒಮ್ಮೆ, ಸೋಮವಾರ ಮಠದ ಹೆಣ್ಣುಮಕ್ಕಳ ಭಜನೆಯಲ್ಲಿ ಒಮ್ಮೆ ಹಾಡುವರು. ಹಾಡುವ ಮುನ್ನ "ಇದು ನಮ್ಮನಿಯವರದು" ಅಂತ ಹೇಳಿಯೇ ಶುರು ಮಾಡುವರು.

ವರ್ಷಗಳು ಹೀಗೇ ನಡೆದವು. ಆಮೇಲೆ ಆ ರಿಮಿಕ್ಸ್ ಬಂತು.

ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಯ ಮೇಲೆ ಟ್ರ್ಯಾಕ್ಟರುಗಳದೇ ರಾಜ್ಯ. ಒಂದೊಂದು ಟ್ರ್ಯಾಕ್ಟರಿನಲ್ಲಿ ಮದುವೆ ಚಪ್ಪರಕ್ಕೆ ಸಾಲುವಷ್ಟು ಸ್ಪೀಕರು. ಕಬ್ಬು ಕಾಣುವ ಮೊದಲು ಹಾಡು ಕೇಳಿಸುತ್ತದೆ. ಒಂದು ಮಧ್ಯಾಹ್ನ ಅತ್ತೆ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಟ್ರ್ಯಾಕ್ಟರೊಂದು ನೀರು ತುಂಬಿಕೊಳ್ಳಲು ನಮ್ಮ ಟಾಕಿಯ ಹತ್ತಿರ ನಿಂತಿತು. ಅದರಲ್ಲಿ ಮಾವನವರ ಧಾಟಿ! ಕೆಳಗೆ ಧಡ್ ಧಡ್, ಮೇಲೆ ಕೀಂ ಕೀಂ, ನಡುವೆ ಹುಡುಗಿಯೊಬ್ಬಳ ಧ್ವನಿ. ಆದರೂ ಧಾಟಿ ಅದೇ.

ಅತ್ತೆ ಮಡಿಲಿನ ಶೇಂಗಾ ಚೆಲ್ಲಿಕೊಂಡೇ ಎದ್ದರು. "ಏ ತಮ್ಮಾ, ಬಂದ್ ಮಾಡದನ! ಯಾರ್ನ ಕೇಳಿ ಹಾಡಾಕತ್ತಿ ಇದನ್ನ? ಇದು ನಮ್ಮನಿಯವರ ಪದಾ. ಮಠದಾಗಿಂದ ಯಾರ ಕದ್ದ ಕೊಟ್ರು ನಿನಗ?"

ಡ್ರೈವರ್ ಬಡಪಾಯಿ. ಹಾಡು ನಿಲ್ಲಿಸಿ ಕೆಳಗಿಳಿದು ಬಂದ. "ಆಯಿ, ಸಿಟ್ಟಾಗಬ್ಯಾಡ್ರಿ. ಇದು ಹಳೇ ಹಿಂದಿ ಪಿಕ್ಚರದ ಹಾಡ್ರಿ. ನಮ್ಮ ಅಜ್ಜಾರ ಕಾಲದ್ದು. ಈಗ ರಿಮಿಕ್ಸ್ ಮಾಡಿ ಬಿಟ್ಟಾರ್ರಿ."

"ಹಿಂದೀದು?"

"ಹೂಂನ್ರಿ. ಬೇಕಾದ್ರ ತೋರಸ್ತೇನಿ," ಅಂತ ಮೊಬೈಲು ತೆಗೆದ. ಅತ್ತೆ ನೋಡಲಿಲ್ಲ, ನನ್ನ ಮುಖ ನೋಡಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖವೇ ಹೇಳಿಬಿಡುತ್ತದೆ. ಅತ್ತೆ ಒಳಗೆ ಹೋದರು.

ಮರುದಿನ ರೊಟ್ಟಿಯ ಸದ್ದು ಮಾತ್ರ ಕೇಳಿಸಿತು. ಅದರ ಮರುದಿನವೂ ಅಷ್ಟೇ. ಸೋಮವಾರ ಭಜನೆಗೆ ಬಂದರು, ತಾಳ ಹಾಕಿದರು, ತಮ್ಮ ಸರದಿ ಬಂದಾಗ "ಗಂಟಲ ಕೂತೈತಿ" ಅಂದು ಪಕ್ಕದವಳಿಗೆ ಬಿಟ್ಟರು. ಮನೆ ಮನೆಯ ಹಾಗಿರಲಿಲ್ಲ. ನನಗೆ ಆ ಡ್ರೈವರನ ಮೇಲೆ, ಆ ಧಡ್ ಧಡ್ ಮಾಡಿದವರ ಮೇಲೆ ಎಲ್ಲಿಲ್ಲದ ಸಿಟ್ಟು. ಎಷ್ಟೋ ವರ್ಷ ಒಬ್ಬ ಹೆಣ್ಣುಮಗಳು ಜೋಪಾನ ಮಾಡಿಕೊಂಡದ್ದನ್ನು ಒಂದು ಸ್ಪೀಕರು ಕಸಿದುಕೊಂಡಿತಲ್ಲ ಅಂತ.

ಒಂದು ಸಂಜೆ ಅತ್ತೆಯೇ ಬಾಯಿಬಿಟ್ಟರು. "ಗೋಕಾಕದ ಟಾಕೀಜಿನಾಗ ನೋಡ್ಯಾರವರು. ನನಗ ಓವರ್‌ಟೈಮ್ ಐತಿ, ಈ ವಾರ ಬರಂಗಿಲ್ಲ ಅಂತ ಹೇಳಿ ಕಳಸ್ತಿದ್ರು. ಓವರ್‌ಟೈಮ್ ಅಂತ ಓವರ್‌ಟೈಮ್! ನನ್ನೂ ಒಂದೀಟ ಕರಕೊಂಡ ಹೋಗಿದ್ರ ಇವರ ಗಂಟ ಏನ ಹೋಗತಿತ್ತ?" ನಾನು ನಕ್ಕೆ. ಅತ್ತೆ ನಗಲಿಲ್ಲ. "ಆತು, ಹೋಗಲಿ. ಖರೆ ನನ್ನ ಸಲುವಾಗಿ ಕಟ್ಟೇನಿ ಅಂದಿದ್ರು. ಅದೂ ಸುಳ್ಳಂದ್ರ, ನನಗ ಏನ ಇಟ್ಟ ಹೋದ್ರವಾ ಅವರು?" ಅಂದರು.

ಆ ರಾತ್ರಿಯೇ ಹುಕ್ಕೇರಿಗೆ ಫೋನ್ ಹಚ್ಚಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪನಿಗೆ ಬೀಗಿತ್ತಿಯ ದುಃಖಕ್ಕಿಂತ ತನ್ನ ಹಾಡು ಮತ್ತೆ ಬಂದ ಸಂಭ್ರಮವೇ ದೊಡ್ಡದಾಯಿತು. ಆದರೂ ಕೊನೆಗೆ ಒಂದು ಮಾತು ಹೇಳಿದ: "ಹಳೇ ಪಿಕ್ಚರ ಅವರಿಗಿ ತೋರಸ. ಬರೇ ಧಾಟಿ ಕೇಳ್ಯಾರ, ಹಾಡ ಎಲ್ಲಿ ಕೇಳ್ಯಾರ?"

ಭಾನುವಾರ ಮಧ್ಯಾಹ್ನ ಅತ್ತೆಯನ್ನು ಪುಸಲಾಯಿಸಿ ಟಿವಿ ಮುಂದೆ ಕೂರಿಸಿದೆ. ಮೊದಲು ಬಂದದ್ದು ರಿಮಿಕ್ಸೇ. ಹತ್ತು ಜನ ಹುಡುಗಿಯರು ನೀರಿನಲ್ಲಿ ಕುಣಿಯುತ್ತಿದ್ದರು. "ಇವಕ್ಕ ಥಂಡಿ ಹತ್ತಂಗಿಲ್ಲೇನ?" ಅಂದರು ಅತ್ತೆ. ಆಮೇಲೆ ಹಳೆಯದು ಹಾಕಿದೆ. ಕಪ್ಪು ಬಿಳುಪಿನಲ್ಲಿ ಒಂದು ಮನೆ, ಒಂದು ಹೊಸ್ತಿಲು, ಅದರ ಮೇಲೆ ಆ ಹೆಣ್ಣು. ಅತ್ತೆ ಸೆರಗಿನ ತುದಿ ಹಿಡಿದುಕೊಂಡು ಮುಂದೆ ಸರಿದರು.

"ಯಾಕ ಅಳಾಕತ್ತಾಳಕಿ?"

"ಗಂಡ ಬಿಟ್ಟ ಹೋಗ್ಯಾನ್ರಿ."

"ಏನಂತಾಳ?"

ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ದೀಪ ಆರಿಸಿಬಿಡಿ. ಒಲೆಗೆ ನೀರು ಸುರಿಯಿರಿ. ಹೋದವನು ಇನ್ನು ಬರುವುದಿಲ್ಲ.

ಅತ್ತೆ ನನ್ನ ಕೈ ಹಿಡಿದರು. "ಇನ್ನೊಮ್ಮಿ ಹೇಳ."

"ಬರಂಗಿಲ್ಲ ಅಂತಾಳ್ರಿ. ಒಲಿಗಿ ನೀರ ಸುರೀರಿ ಅಂತಾಳ."

ಹಾಡು ಮುಗಿಯಿತು. ಮತ್ತೆ ಹಾಕಿಸಿದರು. ಎರಡನೆಯ ಸಲ ಆ ಹೆಣ್ಣಿನ ಜೊತೆ ತಾವೂ ಮೆಲ್ಲಗೆ ಹಾಡಿದರು, ಮಾವನವರ ಮಾತುಗಳನ್ನು. ಅವಳು ಬರುವುದಿಲ್ಲ ಅಂದಲ್ಲಿ ಅತ್ತೆ "ಬರತಾನ" ಅಂದರು. ಅವಳು ಒಲೆಗೆ ನೀರು ಅಂದಲ್ಲಿ "ಒಲಿ ಹಚ್ಚ ತಂಗಿ" ಅಂದರು.

"ನೋಡಿದ್ಯಾ," ಅಂದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಪಿಕ್ಚರ್ ನೋಡಿ ಹೊರಗ ಬಂದ ಮನಶ್ಯಾ ಏನ ವಿಚಾರ ಮಾಡಿರಬೇಕ? ನಾನೂ ಮನಿ ಬಿಟ್ಟ ಫಾಲ್ಸನ್ಯಾಗ ಅದೇನಿ, ಊರಾಗ ನನ್ನ ಹೇಂತಿ ಹಿಂಗ ಹೊಸ್ತಲಾ ಹಿಡದ ಕೂತಿರಬೇಕ ಅಂತ. ಅದಕ್ಕ ಆ ಅಳೂ ಎಲ್ಲಾ ತಗದ ಒಗದಾರ. ಬರತೇನಿ, ಹಸದ ಬರತೇನಿ, ಒಲಿ ಹಚ್ಚ ಅಂದಾರ. ಧಾಟಿ ಯಾರದರ ಇರಲಿ. ಇದು ನನ್ನ ಸಲುವಾಗೆ ಕಟ್ಟಿದ್ದು."

ಮನಸ್ಸಿನಲ್ಲೇ ಕೈಮುಗಿದೆ. ಧಡ್ ಧಡ್ ಮಾಡಿದ ಆ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ ಅಂದುಕೊಂಡೆ. ಅವರು ಆ ಹಾಡನ್ನು ಹಳೆಯ ಗಂಟಿನಿಂದ ಬಿಚ್ಚದಿದ್ದರೆ, ಆ ಡ್ರೈವರ್ ನೀರಿಗೆ ನಮ್ಮ ಟಾಕಿಯ ಹತ್ತಿರವೇ ನಿಲ್ಲದಿದ್ದರೆ, ಮಾವನವರು ಏನನ್ನು ಏನು ಮಾಡಿದ್ದರೆಂದು ಅತ್ತೆಗೆ ಎಂದೂ ತಿಳಿಯುತ್ತಿರಲಿಲ್ಲ. ನನಗೂ ತಿಳಿಯುತ್ತಿರಲಿಲ್ಲ. ಎರಡೂ ಹಾಡು ಬಾಯಿಪಾಠವಿದ್ದ ನಾನು ಒಮ್ಮೆಯೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಆ ಸೋಮವಾರ ಮಠದಲ್ಲಿ ಅತ್ತೆಯ ಸರದಿ ಬಂತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಎಲ್ಲರಿಗೂ ಬರುವ ನುಡಿಗಳು, ಎಲ್ಲರೂ ಹಿಂದೆ ಹೇಳಿದೆವು. ಮುಗಿಯಿತೆಂದು ತಾಳ ಕೆಳಗಿಡುವ ಹೊತ್ತಿಗೆ ಅತ್ತೆ ಕೈ ಎತ್ತಿ ತಡೆದರು. ಅದೇ ಧಾಟಿಯಲ್ಲಿ, ನಾವು ಯಾರೂ ಕೇಳಿರದ ಒಂದು ನುಡಿ ಬಂತು:

ಉಂಡ ಹೋದಾನ ಒಡೆಯಾ, ಹೊರಳಿ ನೋಡಿ ಹೋದಾನ,
ಒಲಿ ಇನ್ನೂ ಬೆಚ್ಚಗೈತಿ ತಂಗಿ.

ಪಕ್ಕದಲ್ಲಿದ್ದ ಒಬ್ಬಾಕೆ ಕೇಳಿದಳು, "ಇದನ್ನ ಯಾವತ್ತೂ ಹಾಡಿದ್ದಿಲ್ಲ ನೀವು. ಇದೂ ನಿಮ್ಮನಿಯವರದ ಏನ್ರಿ?"

"ಅಲ್ಲವಾ," ಅಂದರು ಅತ್ತೆ. "ಇದು ನಂದು."