ಅತ್ತೆ ಕುಟ್ಟಿದ ಬೇರು

ಮನೆಗೆ ಬೆಂಕಿ ಬಿದ್ದವರು, ಎದೆ ಹಿಡಿದುಕೊಂಡು ಕುಸಿದವರು, ಮಗು ಕಾಣದೆ ಕಂಗಾಲಾದವರು, ಎಲ್ಲರೂ ಮೊದಲು ಕೇಳುತ್ತಿದ್ದುದು ಅವಳ ದನಿಯನ್ನೇ. ತುರ್ತು ಕರೆ ಕೇಂದ್ರದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತರೆ ಆಕಾಶ ಕಳಚಿ ಬಿದ್ದರೂ ದನಿ ನಡುಗದು. ಜೊತೆಯವರು ಅವಳನ್ನು ಕರೆಯುತ್ತಿದ್ದುದೇ ‘ಬಂಡೆ’ ಎಂದು.

ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಕರೆ ಮಾಡಿ, ಅಪ್ಪ ಉಸಿರಾಡುತ್ತಿಲ್ಲ ಎಂದಳು. ಎದೆ ಒತ್ತುವುದು ಹೇಗೆಂದು ಇವಳು ಹೇಳಿಕೊಟ್ಟು, ಆಂಬುಲೆನ್ಸ್ ಮುಟ್ಟುವವರೆಗೂ ಒತ್ತಿಸಿದಳು. ಅಪ್ಪ ಉಳಿಯಲಿಲ್ಲ. ಅಂದಿನಿಂದ ಬಂಡೆ ಒಳಗೇ ಬಿರುಕು ಬಿಟ್ಟಿತು. ಕುಕ್ಕರ್ ಕೂಗಿದರೂ ಬೆಚ್ಚುವಳು. ನಿದ್ದೆ ಹತ್ತಿರ ಸುಳಿಯದು. ಗಂಡ ಲಾರಿ ಡ್ರೈವರ್, ವಾರಗಟ್ಟಲೆ ಹೊರಗೆ. ಮನೆಯಲ್ಲಿ ಇವಳು ಮತ್ತು ಅತ್ತೆ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಅತ್ತೆ ಏನೂ ಕೇಳಲಿಲ್ಲ. ಅಂಗಡಿಯಿಂದ ಅಶ್ವಗಂಧದ ಬೇರು ತಂದು, ಕುಟ್ಟಿ, ಜರಡಿ ಹಿಡಿದು, ಸಂಜೆ ಬಿಸಿ ಹಾಲಿಗೆ ಕದಡಿ ಮುಂದಿಟ್ಟರು.

“ಕುದುರೆ ಲಾಯದ ವಾಸನೆ ಬರ್ತಿದೆ, ಅತ್ತೆ.”

“ಹೆಸರೇ ಹಾಗಲ್ವಾ? ಮೂಗು ಹಿಡ್ಕೊಂಡು ಕುಡಿ.”

ಡಾಕ್ಟರನ್ನು ಕೇಳದೆ ಒಲ್ಲೆ ಎಂದಳು ಸೊಸೆ. ಅತ್ತೆಯ ಮುಖ ಸಣ್ಣದಾಯಿತು. ಆದರೂ ಮರುದಿನ ಬೇರಿನ ಪೊಟ್ಟಣ ಹಿಡಿದು ತಾವೇ ಜೊತೆಗೆ ಹೊರಟರು. ಡಾಕ್ಟರಮ್ಮ ಎಲ್ಲ ವಿಚಾರಿಸಿ, ಸ್ವಲ್ಪ ಕಾಲ ಕುಡಿದು ನೋಡಬಹುದು, ಆದರೆ ಮನಸ್ಸಿನ ಭಾರವನ್ನು ಯಾರ ಹತ್ತಿರವಾದರೂ ಇಳಿಸಲೇಬೇಕು ಎಂದರು.

ಲೋಟ ಬರಿದಾಗುವವರೆಗೆ ಅತ್ತೆ ಕಾವಲಿನವರಂತೆ ಎದುರಿಗೆ ಕೂರುತ್ತಿದ್ದರು. ಸೊಸೆ ತಲೆ ತಗ್ಗಿಸಿ ಕುಡಿದು ಎದ್ದು ಹೋಗುತ್ತಿದ್ದಳು. ಒಂದು ಸಂಜೆ ಮಾತ್ರ ಅರ್ಧ ಲೋಟ ಉಳಿಸಿ ಅಲ್ಲೇ ಕೂತಳು.

“ಆ ಹುಡುಗಿ ನಾನು ಹೇಳಿದ ಹಾಗೇ ಒತ್ತಿದ್ಳು, ಅತ್ತೆ. ಒಂದೂ ತಪ್ಪಲಿಲ್ಲ. ಆದ್ರೂ...”

ಅತ್ತೆ ಅವಳ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟರು.

“ನಿನ್ನ ಮಾವ ಹೋದಾಗ ಕೋಣೇಲಿ ನಾನೊಬ್ಳೇ. ಏನು ಮಾಡ್ಬೇಕು ಅಂತ ಹೇಳೋರು ಯಾರೂ ಇರ್ಲಿಲ್ಲ. ಆ ಮಗೂಗೆ ನೀನಿದ್ದೆ.”

ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. ಹಾಲು ಆರಿ ಕೆನೆಗಟ್ಟಿತು. ಅತ್ತೆ ಮತ್ತೆ ಬಿಸಿ ಮಾಡಿ ತಂದರು.

ಬರಬರುತ್ತ ನಿದ್ದೆ ಮರಳಿತು. ಕೆಲಸ ಮುಗಿಸಿ ಬಂದರೂ ಮೈಯಲ್ಲಿ ಕಸುವು ಉಳಿದಿರುತ್ತಿತ್ತು. ಅತ್ತೆ ಕೀರ್ತಿಯನ್ನೆಲ್ಲ ಬೇರಿಗೇ ಕೊಟ್ಟರು. ಸೊಸೆ ವಾದಕ್ಕೆ ಹೋಗಲಿಲ್ಲ. ಇನ್ನು ಪುಡಿ ಸಾಕೆಂದು ಡಾಕ್ಟರಮ್ಮ ಹೇಳಿದ ದಿನ ಅತ್ತೆ ಪೆಚ್ಚಾದರು. ಅಂದು ಸಂಜೆ ಸೊಸೆ ಬರೀ ಹಾಲನ್ನೇ ಎರಡು ಲೋಟಕ್ಕೆ ಬಗ್ಗಿಸಿ ತಂದಳು. ಒಂದನ್ನು ಅತ್ತೆಯ ಕೈಗಿಟ್ಟು, ಕುರ್ಚಿ ಎಳೆದುಕೊಂಡು, ಮಾವ ಹೇಗಿದ್ದರು ಎಂದು ಕೇಳಿದಳು.