ರಾಣಿಗೆ ಬಣ್ಣ ಬೇಡ

ಭಾನುವಾರ, ಬೆಳಿಗ್ಗೆ ಒಂಬತ್ತೂ ಕಾಲು. ರಾಜಾಜಿನಗರದ ನಮ್ಮ ಮನೆಯ ವರಾಂಡದಲ್ಲಿ ಇದ್ದವರು ಇಬ್ಬರು: ನಾನು, ಮತ್ತು ತಕ್ಕಡಿ ಹಿಡಿದು ಬಂದಿದ್ದ ಹಳೇ ಪೇಪರಿನವನು. ಮೂರು ತಿಂಗಳಿಗೊಮ್ಮೆ ಬೇಡದ ಕಾಗದ ಹೊರಗೆ ಹಾಕುವುದು ನನ್ನ ಕ್ರಮ. ಈ ಸಲ ಅಟ್ಟದ ಮೇಲಿನ ಪೆಟ್ಟಿಗೆಯ ಸರದಿ. ಅದರಲ್ಲಿದ್ದ ನನ್ನ ಹೈಸ್ಕೂಲಿನ ಅಟ್ಲಾಸನ್ನು ಅವನು ಎತ್ತಿ ಕೊಡವಿದ. ಒಂದು ಚೀಟಿ ಬಿತ್ತು.

"ಅಮ್ಮ, ಇದೂ ಹಾಕ್ಲಾ?"

"ತಡಿಯಪ್ಪ, ಇಲ್ಲಿ ಕೊಡು."

ಚೀಟಿಯ ಮೂಲೆಯಲ್ಲಿ ಎಣ್ಣೆಯ ಕಲೆ. ಇಷ್ಟು ವರ್ಷದ ಮೇಲೆ ವಾಸನೆ ಉಳಿದಿರುವುದು ಸಾಧ್ಯವಿಲ್ಲ. ಆದರೂ ಮೂಗಿಗೆ ಬಂದಂತಾಯಿತು... ಕೊಬ್ಬರಿ ಎಣ್ಣೆ, ಅದರಲ್ಲಿ ಬೆರೆತುಹೋದ ನಾಟಕದ ಬಣ್ಣ. ನೀಲಿ ಶಾಯಿಯ ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದವು. "ರಾಣಿಗೆ ಬಣ್ಣ ಬೇಡ. ಕಣ್ಣಿಗೆ ಕಾಡಿಗೆ ಮಾತ್ರ."

ನಮ್ಮ ಚರಿತ್ರೆ ಮೇಡಂ ಬರೆದದ್ದು.

ಎಪ್ಪತ್ತರ ದಶಕದ ಮಾತು. ನಾನು ಒಂಬತ್ತನೇ ಕ್ಲಾಸು. ಮೇಡಂ ಸಣ್ಣ ಆಳು. ಅಂಚು ಸವೆದ ಹತ್ತಿ ಸೀರೆ, ಕೈಯಲ್ಲಿ ಗಂಡಸರ ವಾಚು. ಪಾಠ ಶುರುವಾಗುವ ಮುಂಚೆ ಆ ವಾಚಿಗೆ ಕೀ ಕೊಡುತ್ತಿದ್ದರು. ಆ ಸದ್ದಿಗೆ ನಲವತ್ತು ಹುಡುಗಿಯರು ಸುಮ್ಮನಾಗುತ್ತಿದ್ದೆವು. ಈಜಿಪ್ಟಿನ ಕೊನೆಯ ರಾಣಿಯ ಪಾಠಕ್ಕೆ ಅವರು ಮೂರು ದಿನ ತೆಗೆದುಕೊಂಡರು. ಪುಸ್ತಕದಲ್ಲಿ ಇದ್ದದ್ದು ಒಂದೇ ಪ್ಯಾರಾ.

"ಸುಂದರಿ ಸುಂದರಿ ಅಂತ ಎಲ್ಲಾ ಬರೀತಾರೆ. ನಾಣ್ಯದ ಮೇಲೆ ಅವಳ ಮುಖ ನೋಡಿದೀರಾ? ಕೊಕ್ಕೆ ಮೂಗು, ಮುಂದೆ ಬಂದಿರೋ ಗದ್ದ. ಅಂಥವಳು ದೊಡ್ಡ ದೊಡ್ಡ ಸೇನಾಪತಿಗಳನ್ನ ಹೇಗಮ್ಮ ಕೂರಿಸಿಕೊಂಡು ಮಾತಾಡಿಸಿದಳು? ಬಂದವರ ಭಾಷೆ ಅವಳಿಗೆ ಬರ್ತಿತ್ತು. ದುಭಾಷಿ ಬೇಕಾಗ್ತಿರಲಿಲ್ಲ. ಲೆಕ್ಕ ಗೊತ್ತಿತ್ತು, ಔಷಧಿ ಗೊತ್ತಿತ್ತು, ಎದುರಿಗಿರೋರ ಮನಸ್ಸು ಗೊತ್ತಿತ್ತು."

ಆ ವರ್ಷ ವಾರ್ಷಿಕೋತ್ಸವಕ್ಕೆ ಅದೇ ರಾಣಿಯ ನಾಟಕವೆಂದು ಗೊತ್ತಾಯಿತು. ನಮ್ಮ ಶಾಲೆಯಲ್ಲಿ ರಾಣಿ, ದೇವಿ, ಭಾರತಮಾತೆ, ಎಲ್ಲವೂ ಕ್ಲಾಸಿನಲ್ಲಿ ಯಾರು ಹೆಚ್ಚು ಬೆಳ್ಳಗಿದ್ದಾರೋ ಅವರಿಗೆ. ಹಿಂದಿನ ಎರಡು ವರ್ಷವೂ ಅದು ನಾನೇ. ಈ ಸಲವೂ ಬೇರೆ ಯೋಚನೆ ಯಾರಿಗೂ ಇರಲಿಲ್ಲ. ನಮ್ಮಮ್ಮ ಹಳೆಯ ಸೀರೆಯ ಜರಿ ಅಂಚು ಬಿಚ್ಚಿ ಕಿರೀಟಕ್ಕೆ ಹೊಲಿದೂ ಆಗಿತ್ತು. ಅಕ್ಕಪಕ್ಕದ ಮನೆಗಳಿಗೆ ಹೇಳಿಯೂ ಆಗಿತ್ತು.

ಮೇಡಂ ಕ್ಲಾಸಿಗೆ ಬಂದು ವಾಚಿಗೆ ಕೀ ಕೊಟ್ಟು, ಎಲ್ಲರೂ ಹಿಂದಿನ ಗೋಡೆಗೆ ಮುಖ ಮಾಡಿ ಕೂರಲು ಹೇಳಿದರು. ರಾಣಿಯಾಗಬೇಕೆನ್ನುವವರು ಒಬ್ಬೊಬ್ಬರಾಗಿ ಕರಿಹಲಗೆಯ ಹತ್ತಿರ ನಿಂತು, ಶುಕ್ರವಾರದ ಆಟದ ಪೀರಿಯಡ್ಡನ್ನು ನಾಟಕದ ಅಭ್ಯಾಸಕ್ಕೆ ಬಿಟ್ಟುಕೊಡಿ ಎಂದು ಕ್ಲಾಸನ್ನು ಒಪ್ಪಿಸಬೇಕು. ಒಪ್ಪಿದವರು ಕೈ ಎತ್ತಬೇಕು. ತಿರುಗಿ ನೋಡುವಂತಿಲ್ಲ.

ನಾನು ಬಾಯಿಪಾಠ ಮಾಡಿದ್ದ ಒಳ್ಳೆಯ ವಾಕ್ಯಗಳನ್ನು ಹೇಳಿದೆ. ಎರಡು ಕೈ ಎದ್ದವು.

ಕೊನೆಗೆ ಹೋದವಳು ಕೇತಮಾರನಹಳ್ಳಿಯ ಹುಡುಗಿ. ಅವರದು ಎಮ್ಮೆ ಕಟ್ಟಿಕೊಂಡ ಒಕ್ಕಲು ಮನೆ. ಕಪ್ಪು ಮೈ, ಕೆನ್ನೆಯ ಮೇಲೆ ಸಿಡುಬಿನ ಗುರುತು. ಬೆಳಿಗ್ಗೆ ಐದೂವರೆಗೆ ನಮ್ಮ ಬೀದಿಗೆ ಹಾಲು ಹಾಕುತ್ತಿದ್ದವಳು ಅವಳೇ. ಮೂಲೆಮನೆಯವರ ಹತ್ತಿರ ತಮಿಳು, ಎದುರುಮನೆಯವರ ಹತ್ತಿರ ತೆಲುಗು, ದರ್ಜಿಯವರ ಮನೆಯಲ್ಲಿ ಉರ್ದು. ನಾನು ಅದನ್ನು ದಿನಾ ಹಾಸಿಗೆಯಲ್ಲಿ ಮಲಗಿ ಕೇಳಿದ್ದೆ. ಅದು ಒಂದು ವಿದ್ಯೆ ಎಂದು ತೋಚಿರಲಿಲ್ಲ.

"ನೋಡ್ರೇ, ಇರೋದು ಒಂದು ಚೆಂಡು. ನಾವು ನಲವತ್ತು ಜನ," ಎಂದಳು. "ಹತ್ತು ಜನ ಆಡ್ತೀರ, ಮಿಕ್ಕೋರು ಬೇಲಿ ಪಕ್ಕ ನಿಂತ್ಕೊಂಡು ಉಗುರು ಕಡೀತೀರ. ನಾನು ರಾಣಿ ಆದ್ರೆ ಮಿಕ್ಕೋರೆಲ್ಲ ನನ್ನ ಸೈನ್ಯ. ಎಲ್ರಿಗೂ ಈಟಿ. ನಿಮ್ಮಮ್ಮಂದಿರು ಬಂದು ನೋಡೋವಾಗ ಎಲ್ಲಿರ್ಬೇಕು ಹೇಳಿ, ಬೇಲಿ ಪಕ್ಕಾನೋ ಸ್ಟೇಜ್ ಮೇಲೋ?"

ಕ್ಲಾಸು ನಕ್ಕಿತು. ಮೇಡಂ ಎಣಿಸುವಾಗ ನಾನು ಗಮನಿಸಿದೆ: ನನ್ನ ಕೈಯೂ ಮೇಲಿತ್ತು.

ಅಂದು ಸಂಜೆ ನಮ್ಮಮ್ಮ ಕಿರೀಟವನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಲೇ ಶಾಲೆಗೆ ಕಳಿಸಲು ಎತ್ತಿಟ್ಟರು. "ಹಾಲಿನವಳಿಗಾ?" ಎಂದಷ್ಟೇ ಕೇಳಿದರು. ಮೇಡಂ ನನ್ನನ್ನು ಪರದೆಯ ಹಿಂದೆ ನಿಂತು, ಮರೆತವರಿಗೆ ಮಾತು ಒದಗಿಸುವ ಕೆಲಸಕ್ಕೆ ಹಾಕಿದರು.

ವಾರ್ಷಿಕೋತ್ಸವದ ದಿನ ಬಣ್ಣ ಹಚ್ಚಲು ಒಬ್ಬರು ಹಿರಿಯರು ಬಂದಿದ್ದರು, ಕಂಪನಿ ನಾಟಕಗಳಲ್ಲಿ ಪಳಗಿದವರು. ಅವರ ಮಟ್ಟಿಗೆ ರಾಣಿ ಎಂದರೆ ಮುಖಕ್ಕೆ ಗುಲಾಬಿ ಬಣ್ಣ. ಮೇಡಂಗೆ ಅದು ಗೊತ್ತಿತ್ತು. ನಾಲ್ಕು ಗಂಟೆಗೆ ಈ ಚೀಟಿ ಬರೆದು, ಅವರ ಕೈಗೆ ಕೊಡಲು ನನಗೆ ಕೊಟ್ಟರು. ಓದಿದೆ. ಮಡಿಸಿ ಲಂಗದ ಜೇಬಿಗೆ ಹಾಕಿಕೊಂಡೆ. ಬಣ್ಣದ ಕೋಣೆಗೆ ಹೋದೆ, ನೀರು ಕುಡಿದೆ, ಬಂದೆ.

ಪರದೆ ಏಳಲು ಐದು ನಿಮಿಷವಿದ್ದಾಗ ಮೇಡಂ ರಾಣಿಯನ್ನು ನೋಡಿದರು. ಮುಖ ಗುಲಾಬಿ, ಕುತ್ತಿಗೆ ಕಪ್ಪು. ಆ ಹುಡುಗಿ ಕನ್ನಡಿಗೆ ಬೆನ್ನು ಮಾಡಿ ಕೂತಿದ್ದಳು.

"ಚೀಟಿ ಕೊಟ್ಟೆಯೇನಮ್ಮ?"

"ಕೊಟ್ಟೆ ಮೇಡಂ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೊಬ್ಬರಿ ಎಣ್ಣೆ, ಹತ್ತಿ ತಂದು ಒರೆಸಲು ಕೂತರು. ಬಾಟಲಿ ಹಿಡಿದವಳು ನಾನೇ. ಎಡಗೆನ್ನೆ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು.

ಒಂದು ಕೆನ್ನೆ ಗುಲಾಬಿ, ಇನ್ನೊಂದು ತನ್ನದೇ. ಹಾಗೆಯೇ ಅವಳು ರಂಗಕ್ಕೆ ಹೋದಳು. ಶಾಮಿಯಾನದ ತುಂಬ ನಗು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಏನ್ ರಾಣಮ್ಮ, ಬಣ್ಣ ಸಾಲ್ಲಿಲ್ವಾ?"

ನಾನು ಪರದೆಯ ಹಿಂದಿನಿಂದ ಅವಳ ಮೊದಲ ಮಾತನ್ನು ಪಿಸುಗುಟ್ಟಿದೆ. ಎರಡು ಸಲ. ಅವಳು ತೆಗೆದುಕೊಳ್ಳಲಿಲ್ಲ. ರಂಗದ ಅಂಚಿನವರೆಗೆ ನಡೆದು ಬಂದಳು.

"ಸಾಕಷ್ಟಿತ್ತು ಕಣಣ್ಣ. ನೋಡಕ್ಕೆ ಬಂದೋರಿಗೆ ಈ ಕಡೆ, ಕೇಳಕ್ಕೆ ಬಂದೋರಿಗೆ ಆ ಕಡೆ. ನಿನಗ್ಯಾವುದು ಬೇಕೋ ನೋಡ್ಕೊಂಡು ಕೂತ್ಕೊ. ನನಗೆ ರಾಜ್ಯ ಇದೆ, ಕೆಲಸ ಇದೆ."

ಎಡಗಡೆ ಇನ್ನೂ ನಗುತ್ತಿದ್ದವರನ್ನು ತಮಿಳಿನಲ್ಲಿ ಗದರಿಸಿ ಕೂರಿಸಿದಳು. ಚಪ್ಪಾಳೆ ನಿಂತ ಮೇಲೆ ನಾಟಕ ಶುರುವಾಯಿತು. ಮುಂದಿನ ಮುಕ್ಕಾಲು ಗಂಟೆ ನಾನು ಒಂದು ಮಾತನ್ನೂ ಒದಗಿಸಬೇಕಾಗಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಮೇಡಂ ಸಾಮಾನಿನ ಪಟ್ಟಿ ಹಿಡಿದು ಒಂದೊಂದಕ್ಕೇ ಗುರುತು ಹಾಕುತ್ತಿದ್ದರು. ಈಟಿ, ಶಾಲು, ನಾಟಕದ ಪ್ರತಿ. ಕಿರೀಟವನ್ನು ನನ್ನ ಕೈಗೆ ಕೊಟ್ಟರು.

"ಎಲ್ಲಾ ಬಂತು. ಆ ಚೀಟಿ ನಿನ್ನ ಹತ್ರಾನೇ ಇರ್ಲಿ," ಎಂದರು. ತಲೆ ಎತ್ತಲಿಲ್ಲ. ದನಿ ಗಡಸಾಗಿರಲಿಲ್ಲ. ಮನೆಗೆ ಬಂದು ಚೀಟಿಯನ್ನು ಅಟ್ಲಾಸಿನೊಳಗೆ ಇಟ್ಟೆ.

ಮುಂದಿನ ವರ್ಷ ಅವರಿಗೆ ವರ್ಗವಾಯಿತು. ನಾನೂ ಮುಂದೆ ಶಾಲೆಯ ಕೆಲಸಕ್ಕೇ ಸೇರಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. ಕೈಗೆ ಬಂದ ಕಾಗದ ಅದೇ ದಿನ ಸೇರಬೇಕಾದವರಿಗೆ ಸೇರಬೇಕೆಂಬ ನನ್ನ ಹಟವನ್ನು ಜೊತೆಯವರು ತಮಾಷೆ ಮಾಡುತ್ತಿದ್ದರು. ಒಮ್ಮೆ ಮೇಡಂ ವಿಳಾಸ ಸಿಕ್ಕಿತ್ತು. ಬರೆಯಬೇಕು ಎಂದುಕೊಂಡೆ... ಆ ವರ್ಷವೇ ಪೇಪರಿನಲ್ಲಿ ಅವರ ಫೋಟೊ ಬಂತು, ಕೆಳಗೆ ಎರಡು ತಾರೀಖು. ಹಾಲಿನ ಮನೆಯವರು ಅದಕ್ಕೂ ಮೊದಲೇ ಎಮ್ಮೆಗಳನ್ನು ಮಾರಿ ಎಲ್ಲಿಗೋ ಹೋಗಿದ್ದರು.

ಪೇಪರಿನವನು ಹತ್ತೂವರೆಗೆ ಹೋದ. ಪೆಟ್ಟಿಗೆ ಒರೆಸಿ ಅಟ್ಟಕ್ಕೆ ಹಾಕಿಸಿದೆ. ನಮ್ಮ ಬಾಗಿಲ ಪಕ್ಕದ ಗೋಡೆಗೆ ಒಂದು ತಂತಿ ಇದೆ, ಅವತ್ತು ಯಾರಿಗೆ ಏನು ತಲುಪಿಸಬೇಕೋ ಅದನ್ನೆಲ್ಲ ಚುಚ್ಚಿಡಲು. ಚೀಟಿಯನ್ನು ಅದಕ್ಕೆ ಚುಚ್ಚಿದೆ. ಮಹಡಿಯವರ ಕರೆಂಟು ಬಿಲ್ಲು ಕೊಟ್ಟೆ, ತಪ್ಪಿ ನಮ್ಮಲ್ಲಿಗೆ ಬಂದಿದ್ದ ಪಕ್ಕದ ಮನೆಯ ಟಪಾಲು ಕೊಟ್ಟೆ. ಸಂಜೆ ಆರಕ್ಕೆ ದೀಪ ಹಚ್ಚಿ ತಂತಿ ನೋಡಿದೆ. ಉಳಿದದ್ದು ಅದೊಂದೇ.